ಗಣಿತದಲ್ಲಿ ನಪಾಸಾಗುತ್ತಿದ್ದ ಗಣಿತದ ಮಾಸ್ತರರು

ಮಾಸ್ತರರು ತೀರಿಕೊಂಡ ಸುದ್ದಿಯನ್ನು ಇಳಕಲ್ಲಿನಿಂದ ಹುಸೇನ ತಂದ. ಹುಸೇನ ನನ್ನ ಹೈಸ್ಕೂಲಿನ ಗೆಳೆಯ. ಅವರ ಮನೆಯಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಸೀರೆಯ ನೂಲಿಗೆ ಬಣ್ಣ ಹಾಕುತ್ತಾರೆ. ಹೀಗಾಗಿ ಅವನ ಕೈಗಳು ಯಾವಾಗಲೂ ಯಾವುದೋ ಒಂದು ಬಣ್ಣದಲ್ಲಿರುತ್ತವೆ. ಅವತ್ತು ಕೆಂಪಗಿದ್ದವು. ಹುನಗುಂದದ ನಮ್ಮ ಪಡಸಾಲೆಯಲ್ಲಿ ಇಬ್ಬರೂ ಕೂತೆವು. ನನ್ನ ಹೆಂಡತಿ ಚಹಾ ತಂದಿಟ್ಟು ಕೇಳಿದಳು:

"ಅಂಥಾ ಗಣಿತದ ಮಾಸ್ತರು ಅಂತೀರಿ. ಪರೀಕ್ಷಾದಾಗ ಪೈಲಾ ನಂಬರ ಬಂದಿರಬೇಕಲ್ಲಾ ಅವ್ರು?"

ಹುಸೇನ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಸತ್ತವರ ಸುದ್ದಿ ತಗೊಂಡ ಬಂದು ಹಿಂಗ ನಗ್ತೀರಲ್ಲಾ, ನಾಚಿಕಿ ಬರಂಗಿಲ್ಲೇನು?"

ನಾಚಿಕೆ ಬಂತು, ಇಲ್ಲವೆನ್ನುವುದಿಲ್ಲ. ಆದರೆ ನಗು ಅದಕ್ಕಿಂತ ಮೊದಲು ಬಂದುಬಿಟ್ಟಿತ್ತು. ಏಕೆಂದರೆ ನಾವು ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಕೂತು ಕಲಿಯುತ್ತಿದ್ದ ಕಾಲಕ್ಕೆ ಮಾಸ್ತರರು ಮೆಟ್ರಿಕ್ ಪರೀಕ್ಷೆಯಲ್ಲಿ ಮೇಲಿಂದ ಮೇಲೆ ನಪಾಸಾಗಿದ್ದರು. ಇಂಗ್ಲಿಷಿನಲ್ಲಿ ಪಾಸು, ಇತಿಹಾಸದಲ್ಲಿ ಪಾಸು, ಸಂಸ್ಕೃತದಲ್ಲಿ ಹೇಗೋ ಪಾಸು, ಗಣಿತದಲ್ಲಿ ನಪಾಸು. ಅದೇ ವರ್ಷ, ಅದೇ ಪತ್ರಿಕೆಯಲ್ಲಿ ಅವರ ಕಟ್ಟೆಯ ಹುಡುಗರು ಸಾಲಾಗಿ ಪಾಸಾಗುತ್ತಿದ್ದರು. ಇದು ಬಾಗಲಕೋಟೆಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿಲ್ಲದಿದ್ದದ್ದು ಒಂದೇ: ಹೀಗೆ ಯಾಕೆ ಆಗುತ್ತದೆ?

ಮಾಸ್ತರರು ಹೈಸ್ಕೂಲಿನವರಲ್ಲ. ಕನ್ನಡ ಸಾಲೆಯಲ್ಲಿ ಸಣ್ಣ ಹುಡುಗರಿಗೆ ಮಗ್ಗಿ ಹೇಳಿಸುತ್ತಿದ್ದರು. ಕುಳ್ಳ ಆಳು, ರುಮಾಲು ಮಾತ್ರ ದೊಡ್ಡದು. ಅದರ ಬಗ್ಗೆ ಯಾರಾದರೂ ಚೇಷ್ಟೆ ಮಾಡಿದರೆ ಸಿಟ್ಟಾಗುತ್ತಿರಲಿಲ್ಲ. "ಮನಷ್ಯಾನ ಎತ್ತರ ಅಳಿಯೋ ಮುಂದ ತುದಿ ಯಾವುದು, ಟೊಪಿಗಿ ಯಾವುದು ಅಂತ ಮೊದಲ ಗೊತ್ತು ಮಾಡ್ಕೋಬೇಕು ತಮ್ಮಾ," ಎನ್ನುತ್ತಿದ್ದರು. ಕೋಟಿನ ಕಿಸೆಯಲ್ಲಿ ಸದಾ ಖಡುವಿನ, ಅಂದರೆ ಸೀಮೆಸುಣ್ಣದ, ತುಂಡುಗಳು. ಕೋಟಿನ ಬಣ್ಣ ಮೂಲದಲ್ಲಿ ಕರಿಯದಂತೆ. ನಾವು ನೋಡಿದಾಗಿನಿಂದ ಅದು ಹಿಟ್ಟಿನ ಗಿರಣಿಯಿಂದ ಬಂದವರ ಕೋಟಿನಂತೆಯೇ ಇತ್ತು.

ತ್ರಿಕೋನಮಿತಿ ಅವರಿಗೆ ಹೇಗೆ ಅಂಟಿತು ಎಂಬುದೇ ಒಂದು ಕತೆ. ರೈಲು ಹಾದಿಯ ಕೆಲಸಕ್ಕೆ ಬಂದಿದ್ದ ಯಾರೋ ಒಬ್ಬರು ಧರ್ಮಶಾಲೆಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಬಿಟ್ಟು ಹೋಗಿದ್ದರು. ರಟ್ಟು ಇರಲಿಲ್ಲ, ಮೊದಲ ಹಾಳೆಗಳೂ ಇರಲಿಲ್ಲ. ಒಳಗೆ ಬರೀ ತ್ರಿಕೋನಗಳು. ಮಾಸ್ತರರಿಗೆ ಆಗ ಇಂಗ್ಲಿಷು ಬರುತ್ತಿರಲಿಲ್ಲ. ಜನ ಇಂಗ್ಲಿಷು ಕಲಿತು ಗಣಿತ ಓದುತ್ತಾರೆ; ಇವರು ಆ ತ್ರಿಕೋನಗಳ ಅಕ್ಕಪಕ್ಕ ಏನು ಬರೆದಿದೆ ಎಂಬ ಆಸೆಗೆ ಇಂಗ್ಲಿಷು ಕಲಿತರು. ಹೀಗಾಗಿ ಅವರ ಇಂಗ್ಲಿಷಿಗೆ ಕಡೆಯತನಕ ತ್ರಿಕೋನದ ವಾಸನೆ ಹೋಗಲಿಲ್ಲ. ಕುದುರೆ ಸವಾರಿಯಲ್ಲಿ ಬಂದ ಸಾಹೇಬನೊಬ್ಬ ಬದಾಮಿಯ ದಾರಿ ಕೇಳಿದಾಗ ಮಾಸ್ತರರು ಧೂಳಿನಲ್ಲಿ ಗೆರೆ ಎಳೆದು, "ಲೆಟ್ ಅಸ್ ಸಪೋಜ್, ಸರ್, ದಿಸ್ ಈಸ್ ಬದಾಮಿ," ಎಂದರಂತೆ. ಸಾಹೇಬ ಆ ಗೆರೆಯನ್ನು ನೋಡಿ ಸರಿಯಾಗಿ ಬದಾಮಿ ಮುಟ್ಟಿದ ಎನ್ನುವುದು ಮಾಸ್ತರರ ಹೇಳಿಕೆ. ಕೆರೂರ ಮುಟ್ಟಿದ ಎನ್ನುವುದು ಅಕ್ಕಾವ್ರ ಹೇಳಿಕೆ.

ಅಕ್ಕಾವ್ರು ಎಂದರೆ ಮಾಸ್ತರರ ಹೆಂಡತಿ. ಅವರ ವಿಷಯಕ್ಕೆ ಬರುತ್ತೇನೆ.

ನಾನು ಹುನಗುಂದದಿಂದ ಚಕ್ಕಡಿಯಲ್ಲಿ ಬಾಗಲಕೋಟೆಗೆ ಓದಲು ಬಂದವನು. ಹುಸೇನನೂ ನಾನೂ ಒಂದೇ ಖೋಲಿಯಲ್ಲಿದ್ದೆವು. ಚಿಂತೆ ಮಾಡುವ ಚಟ ನನಗೆ ಆಗಲೇ ಅಂಟಿತ್ತು, ಇವತ್ತಿಗೂ ಬಿಟ್ಟಿಲ್ಲ. ಮಳೆ ಬರದಿದ್ದರೆ ಬರಲಿಲ್ಲವೆಂದು, ಬಂದರೆ ನಿಲ್ಲದಿದ್ದರೆ ಹೇಗೆಂದು. ಪರೀಕ್ಷೆಯ ಚಿಂತೆಗೆ ನಾನು ಕಂಡುಕೊಂಡ ಮದ್ದು ಬಾಯಿಪಾಠ. ಸೈನ್, ಕೊಸೈನ್, ಟ್ಯಾನ್‌ಗಳ ಸೂತ್ರಗಳನ್ನೆಲ್ಲ ಬೆಳಿಗ್ಗೆ ಹೊಳೆಯಲ್ಲಿ ಮುಳುಗು ಹಾಕುವಾಗ ಮಂತ್ರದ ಹಾಗೆ ಹೇಳುತ್ತಿದ್ದೆ. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ನನಗೆ ಒಮ್ಮೆ ಕೈಮುಗಿದಿದ್ದೂ ಉಂಟು.

ಮೊದಲನೆಯ ದಿನ ಕಟ್ಟೆಗೆ ಹೋದಾಗ ಮಾಸ್ತರರು, "ಏನೇನ ಬರ್ತೈತಿ?" ಎಂದರು. ನಾನು ಕಣ್ಣು ಮುಚ್ಚಿ ಒಂದೇ ಉಸಿರಿನಲ್ಲಿ ಎಲ್ಲ ಸೂತ್ರ ಹೇಳಿದೆ. ಅವರೂ ಪುರಾಣ ಕೇಳುವವರಂತೆ ಕಣ್ಣು ಮುಚ್ಚಿ ಕೇಳಿದರು.

"ಬಾಯಿಪಾಠ ಭಾಳ ಛಲೋ ಐತಿ. ಈಗ ಆ ಬೇವಿನ ಗಿಡಾ ಎಷ್ಟ ಎತ್ತರ ಐತಿ ಹೇಳು."

"ಯಾವ ಸೂತ್ರಲೇ ಮಾಡ್ಲಿರಿ ಮಾಸ್ತರ?"

"ಕಣ್ಣಿಲೆ."

ಕಣ್ಣಿನಿಂದ ಏನೂ ಹೊಳೆಯಲಿಲ್ಲ. ಕಡೆಗೆ ಅವರೇ ಗಿಡದ ನೆರಳು ಇಷ್ಟು, ಬಿಸಿಲಿನ ಕೋನ ಇಷ್ಟು ಎಂದು ಹೇಳಿ ಬರೆಯಲು ಪಾಟಿ ಕೊಟ್ಟರು. ನಾನು ಪಾಟಿ ತುಂಬಿಸಿದೆ. ಬರುವ ಸೂತ್ರಗಳನ್ನೆಲ್ಲ ಸಾಲಾಗಿ ಇಳಿಸಿದೆ. ಯಾವುದನ್ನು ಬಿಟ್ಟರೆ ಯಾವುದಕ್ಕೆ ಸಿಟ್ಟು ಬಂದೀತೋ ಎಂಬ ಹೆದರಿಕೆ. ಬಂದ ಉತ್ತರವನ್ನು ಮಾಸ್ತರರು ನೋಡಿದರು, ಗಿಡವನ್ನು ನೋಡಿದರು, ಮತ್ತೆ ಪಾಟಿ ನೋಡಿದರು.

"ಈ ಲೆಕ್ಕದ ಪ್ರಕಾರ, ತಮ್ಮಾ, ಆ ಗಿಡದ ತುದಿ ಆಡು ನಿಂತಲ್ಲೇ ತಿಂತಾವು."

ಹುಡುಗರೆಲ್ಲ ನಕ್ಕರು. ಅಂದಿನಿಂದ ನನ್ನನ್ನು ಕಟ್ಟೆಯ ಮೇಲೆ 'ಆಡಿನ ಗಿಡ' ಎಂದು ಕರೆದರು. ಆದರೆ ಮಾಸ್ತರರು ನಗಲಿಲ್ಲ. "ನಿನ್ನ ತಪ್ಪಲ್ಲ ಇದು. ನೀ ಎಲ್ಲಾ ಬೀಗರನ್ನ ಒಮ್ಮೆಲೇ ಅಡಿಗಿಮನಿಗೆ ಕರದಿ. ಹೋಳಗಿ ಬೇಯಸೋರ್ಯಾರು? ಸೂತ್ರಕ್ಕ ಕೆಲಸ ಐತೇನು ನೋಡಿ ಕರೀಬೇಕು. ಸುಮ್ಮ ಕರೀಬಾರ್ದು."

ಬೀಗರ ಮಾತು ಅಲ್ಲಿಗೇ ಮುಗಿಯಲಿಲ್ಲ. ಅವರ ಮಟ್ಟಿಗೆ ಪ್ರತಿಯೊಂದು ಸೂತ್ರವೂ ಒಬ್ಬ ಸಂಬಂಧಿಕ. ಸೈನಿನ ವರ್ಗ, ಕೊಸೈನಿನ ವರ್ಗ ಕೂಡಿದರೆ ಒಂದು: ಇದು ಹಿರೇಸೊಸೆ. "ಯಾವ ಕೆಲಸಕ್ಕೂ ಒಲ್ಲೆ ಅನ್ನಂಗಿಲ್ಲ. ದಾರಿ ಕಾಣಲಿಲ್ಲಂದ್ರ ಮೊದಲ ಅಕೀನ್ನ ಕರೀರಿ." ಎರಡು ಕೋನ ಕೂಡಿಸಿದ ಸೈನಿನ ಉದ್ದನೆಯ ಸೂತ್ರ ಸೋದರಮಾವ. "ವರ್ಷಕ್ಕ ಒಂದ ಸಲ ಬರ್ತಾನ. ಬಂದಾಗ ಮರ್ಯಾದಿ ಮಾಡ್ರಿ, ದಿನಾ ಹೋಗಿ ಬಾಗಿಲಾ ಬಡೀಬ್ಯಾಡ್ರಿ." ಟ್ಯಾನ್ ನೆರೆಮನೆಯವನು. "ಎತ್ತರ ಅಂದ್ರ ಅಂವ, ದೂರ ಅಂದ್ರ ಅಂವ. ಬೀಗನಲ್ಲ ಖರೆ, ಕಷ್ಟಕಾಲಕ್ಕ ಓಡಿ ಬರಾಂವ."

ಇದರ ಜೊತೆಗೆ ಒಂದು ಕಟ್ಟುನಿಟ್ಟು. ಲೆಕ್ಕ ಓದಿದ ಮೇಲೆ ಚಿತ್ರ ತೆಗೆಯಬೇಕು. ಚಿತ್ರ ತೆಗೆದ ಮೇಲೆ ಕೈಕಟ್ಟಿ ಕೂತು ಉತ್ತರ ಸುಮಾರು ಎಷ್ಟು ಬಂದೀತು ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆಯೇ ಸೂತ್ರ. ಅಂದಾಜು ಹೇಳದೆ ಖಡು ಮುಟ್ಟಿದವನಿಗೆ ಆ ದಿನ ಎಲ್ಲರ ಪಾಟಿ ಒರೆಸುವ ಕೆಲಸ. ಆ ಅಂದಾಜಿನ ರೂಢಿಯಿಂದ ಎಷ್ಟೋ ಹುಡುಗರು ಪರೀಕ್ಷೆಯಲ್ಲಿ ಪಾರಾದರು. ನಾನೂ ಪಾರಾದವನೇ. ಉತ್ತರ ಅಂದಾಜಿನ ಹತ್ತಿರ ಬರಲಿಲ್ಲವೆಂದರೆ ಎಲ್ಲೋ ತಪ್ಪು ಬೀಗರನ್ನು ಕರೆದಿದ್ದೇವೆ ಎಂದು ತಿಳಿಯುತ್ತಿತ್ತು.

ಒಮ್ಮೆ ಸಾಲೆಯ ಸೂಟಿಯಲ್ಲಿ ನಮ್ಮನ್ನು ರೈಲಿನಲ್ಲಿ ಬದಾಮಿಗೆ ಕರೆದುಕೊಂಡು ಹೋದರು. ನಾವೆಲ್ಲ ಗುಡ್ಡ ಹತ್ತಲು ಧೋತರ ಮೇಲೆ ಕಟ್ಟಿದೆವು. ಮಾಸ್ತರರು ಕೆಳಗೇ ಕೂತರು. ಎತ್ತರವೆಂದರೆ ಅವರಿಗೆ ಭಯ. ಮನೆಯ ಅಟ್ಟ ಹತ್ತಿದರೂ ಬೆವರುತ್ತಿದ್ದರು. ಆದರೆ ಒಪ್ಪಿಕೊಳ್ಳುವವರಲ್ಲ. "ಗುಡ್ಡಾ ಹತ್ತೋದು ಮಂಗ್ಯಾನ ಕೆಲಸ. ಬುಡದಾಗ ನಿಂತು ಎತ್ತರ ಹೇಳೋದು ಮನಷ್ಯಾನ ಕೆಲಸ," ಎಂದರು. ಹಾಗೆಂದು ಬಾಯಿ ಮುಚ್ಚುವುದರೊಳಗೆ ಮಂಗವೊಂದು ಅವರ ರೊಟ್ಟಿಯ ಗಂಟನ್ನು ಎತ್ತಿಕೊಂಡು ಬಂಡೆಯ ನಡುವಿನ ಒಂದು ಸಂದಿಯಲ್ಲಿ ಹೋಗಿ ಕೂತಿತು. ಹುಡುಗರು ಕಲ್ಲು ಹುಡುಕತೊಡಗಿದರು.

"ತಡೀರಿ, ಹೊಡೀಬ್ಯಾಡ್ರಿ! ಅದನ್ನ ಕದಲಸಬ್ಯಾಡ್ರಿ!" ಎಂದು ಮಾಸ್ತರರು ಕೂಗಿದರು. ಜೀವದಯೆ ಎಂದುಕೊಂಡೆವು. ಅಲ್ಲ. ಅದು ಕೂತ ಜಾಗ ಎಷ್ಟು ಎತ್ತರವೆಂದು ಅಳೆಯಬೇಕಾಗಿತ್ತು. ಅಳೆದರು. ಮಂಗ ನಿಧಾನವಾಗಿ ರೊಟ್ಟಿಗೆ ಸವರಿದ ಶೇಂಗಾ ಹಿಂಡಿ ನೆಕ್ಕಿತು. ಉತ್ತರ ಬಂದ ಮೇಲೆ ಮಾಸ್ತರರು ತಲೆಯಾಡಿಸಿ, "ಇಷ್ಟ ಎತ್ತರಕ್ಕ ಹೋದ ರೊಟ್ಟಿ ನಮ್ದಲ್ಲ ಬಿಡ್ರಿ," ಎಂದು ನಮ್ಮ ಗಂಟಿಗೆ ಕೈಹಾಕಿದರು.

ಇಂಥವರು ಗಣಿತದಲ್ಲಿ ನಪಾಸು ಯಾಕೆ? ಊರಲ್ಲಿ ಒಬ್ಬೊಬ್ಬರದು ಒಂದೊಂದು ವಿಚಾರ. ಜಾತಕದಲ್ಲಿ ಶನಿ ಎಂದರು ಜೋಯಿಸರು. ಅಕ್ಷರ ಕೆಟ್ಟದ್ದು, ಪರೀಕ್ಷಕರಿಗೆ ಓದಲು ಬರುವುದಿಲ್ಲ ಎಂದ ಹುಸೇನ. ಸಭೆಯಲ್ಲಿ ಅಂಜಿಕೆ ಎಂದರು ಹೈಸ್ಕೂಲಿನ ಹೆಡ್‌ಮಾಸ್ತರರು. ನನಗೆ ಈ ಪ್ರಶ್ನೆ ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಕಾಡುತ್ತಿತ್ತು. ಇಷ್ಟು ಬಲ್ಲವರೇ ನಪಾಸಾಗುವುದಾದರೆ ನನ್ನ ಗತಿ ಏನು ಎನ್ನುವ ಚಿಂತೆಯೂ ಅದರಲ್ಲಿ ಕೂಡಿತ್ತು. ಒಂದು ದಿನ ಧೈರ್ಯ ಮಾಡಿ ಅಕ್ಕಾವ್ರನ್ನೇ ಕೇಳಿದೆ. ಅವರು ಜೋಳ ಹಸನು ಮಾಡುತ್ತ ಕೂತಿದ್ದರು.

"ಪಂಕ್ತಿಯೊಳಗ ಊಟಕ್ಕ ಕೂತಾಗ ನೋಡಿಯೇನು ಅವ್ರನ್ನ? ಎಲ್ಲಾರೂ ಉಂಡು ಕೈತೊಳದು ಹೋಗಿರ್ತಾರ. ಇವರು ಒಂದ ಹಪ್ಪಳಾ ಕೈಯಾಗ ಹಿಡಕೊಂಡು, ಇದರಾಗ ಗುಳ್ಳಿ ಇಲ್ಲೇ ಯಾಕ ಎದ್ದಾವು, ಅಲ್ಲ್ಯಾಕ ಎದ್ದಿಲ್ಲ ಅಂತ ನೋಡಕೋತ ಕೂತಿರ್ತಾರ. ಪರೀಕ್ಷಾದಾಗೂ ಹಂಗ ಮಾಡ್ತಿರಬೇಕು, ನನ್ನಪ್ಪಾ. ನನಗೇನ ತಿಳೀತೈತಿ?"

ಇದನ್ನು ಪರೀಕ್ಷಿಸಿ ನೋಡಲು ನಾನೊಂದು ಹಳೆಯ ಪ್ರಶ್ನಪತ್ರಿಕೆ ತಂದು ಮಾಸ್ತರರ ಮುಂದಿಟ್ಟು, ಗಂಟೆ ಹಿಡಿದು ಬಿಡಿಸಿರೆಂದೆ. ಮೊದಲ ಲೆಕ್ಕಗಳನ್ನು ನೊಣ ಹೊಡೆದಂತೆ ಹೊಡೆದರು. ಮುಂದೊಂದು ಲೆಕ್ಕ ಬಂತು. ಅವರ ಎಡಗೈ ನಿಧಾನವಾಗಿ ಮೇಲೆದ್ದು ಕಿವಿಯ ಹಾಲೆಯನ್ನು ಹಿಡಿದು ತಿಕ್ಕತೊಡಗಿತು. ಉತ್ತರ ಬಂತು. ಅಲ್ಲಿಗೆ ಬಿಡಬೇಕಲ್ಲ? ಇಲ್ಲ. ಇನ್ನೊಂದು ದಾರಿಯಿಂದ ಮಾಡಿದರು. ಅದೇ ಉತ್ತರ. ಎರಡು ದಾರಿಯಿಂದ ಅದೇ ಊರು ಬಂತೆಂದರೆ ನಡುವೆ ಒಂದು ಅಡ್ಡಹಾದಿ ಇರಲೇಬೇಕು ಎಂದು ಅದನ್ನು ಹುಡುಕಲು ಹೊರಟರು.

"ಮುಂದಿನ ಲೆಕ್ಕ ಮಾಡ್ರಿ, ಮಾಸ್ತರ."

"ತಡಿ ತಮ್ಮಾ. ಇದು ಏನರ ಹೇಳಾಕತ್ತೈತಿ. ಕೇಳೋಣ."

ಹೊತ್ತು ಮುಗಿದಾಗ ಉಳಿದ ಲೆಕ್ಕಗಳು ಪತ್ರಿಕೆಯ ಮೇಲೆ ಹಾಗೆಯೇ ಇದ್ದವು. ಮಾಸ್ತರರ ಮುಖದಲ್ಲಿ ಮಾತ್ರ ಜಾತ್ರೆಯಿಂದ ಬಂದವರ ಕಳೆ. ಅಕ್ಕಾವ್ರು ಬಾಗಿಲಲ್ಲಿ ನಿಂತು ಹೇಳಿದರು: "ಕಿವಿ ಹಿಡದ್ರಂದ್ರ ಮುಗೀತು. ಅನ್ನಾ ಆರಲಿ, ಮನಿಗೆ ಬೆಂಕಿ ಬೀಳಲಿ, ಅವ್ರು ಇಲ್ಲಿರಂಗಿಲ್ಲ."

ಹೀಗೇ ನಡೆದಿದ್ದರೆ ನಡೆಯುತ್ತಿತ್ತು. ಆದರೆ ನಾವು ಪರೀಕ್ಷೆಗೆ ಕೂಡುವ ವರ್ಷ ಹೈಸ್ಕೂಲಿನ ಹೆಡ್‌ಮಾಸ್ತರರು ತಾವೇ ಕಟ್ಟೆಗೆ ಬಂದರು. ನಮ್ಮ ಎದುರಿಗೇ ಮಾತಾಡಿದರು.

"ನಮ್ಮ ಗಣಿತದವರು ಪುಣೆಕ್ಕ ಹೊಂಟಾರ. ಜಾಗಾ ಖಾಲಿ ಆಗ್ತೈತಿ. ನಿಮ್ಮನ್ನ ತಗೋಬೇಕಂತ ನನಗೈತ್ರಿ. ಮೆಟ್ರಿಕ್ ಇಲ್ಲದವರನ್ನ ತಗೋಳಾಕ ಇಲಾಖೆಯವರು ಒಪ್ಪಂಗಿಲ್ಲ. ಈ ವರ್ಷ ಒಂದ ನಾ ತಡದು ಹಿಡೀತೇನಿ. ಪಾಸ ಆಗ್ರಿ. ಆಗಲಿಲ್ಲಂದ್ರ ಬ್ಯಾರೆಯವರು ಬರ್ತಾರ, ಆಮ್ಯಾಲೆ ನನ್ನ ಕೈಯಾಗ ಏನೂ ಇಲ್ಲ."

ಇತ್ತ ಮಾಸ್ತರರಿಗೆ ಕನ್ನಡ ಸಾಲೆಯಿಂದ ಮರೋಳಕ್ಕೆ ವರ್ಗವಾಗಿರುವ ಸುದ್ದಿಯೂ ಬಂದಿತ್ತು. ಹೈಸ್ಕೂಲಿನ ಜಾಗ ಸಿಗದಿದ್ದರೆ ಬೇಸಿಗೆ ಮುಗಿದ ಕೂಡಲೆ ಹೊರಡಬೇಕು. ಮರೋಳ ನಮ್ಮ ಹುನಗುಂದದ ಕಡೆಯ ಊರು. ನನ್ನ ಸೋದರತ್ತೆಯನ್ನು ಕೊಟ್ಟ ಊರು. ನಾನು ಸಮಾಧಾನಕ್ಕೆಂದು ಅಲ್ಲಿಯ ಹಾಲು, ಜೋಳ, ಹೊಳೆಯ ಗಾಳಿ ಎಲ್ಲ ಹೊಗಳಿದೆ. ಮಾಸ್ತರರು ಕೇಳಿಕೊಂಡರು.

"ಊರು ಛಲೋ ಐತಿ, ಇಲ್ಲನ್ನಂಗಿಲ್ಲ. ಗಿಡಾ ಐತಿ, ನೆರಳೂ ಐತಿ. ಆದ್ರ ಸಂಜೀಕ ಈ ತ್ರಿಕೋನದ ಸುದ್ದಿ ಮಾತಾಡಾಕ ಯಾರದಾರ ಅಲ್ಲೆ, ತಮ್ಮಾ? ಒಬ್ಬನ ಕೂತು ಎಷ್ಟ ದಿನಾ ಮಾತಾಡಲಿ?"

ಅವರು ಇಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಆ ರಾತ್ರಿಯಿಂದ ನಮ್ಮ ಪರೀಕ್ಷೆಯ ಚಿಂತೆಯ ಮೇಲೆ ಮಾಸ್ತರರ ಪರೀಕ್ಷೆಯ ಚಿಂತೆಯೂ ನನ್ನ ಪಾಲಿಗೆ ಬಂತು.

ಉಪಾಯ ಹೇಳಿದವನು ಹುಸೇನ. "ಮಾಸ್ತರ, ನೀವು ನಮಗ ಹೇಳಿಕೊಟ್ಟದ್ದನ್ನ ನಾವು ನಿಮಗ ಹೇಳಿಕೊಡ್ತೇವಿ. ಇವನ್ನ ನಿಮ್ಮ ಬಾಜೂಕ ಕೂಡಸ್ತೇವಿ," ಎಂದು ನನ್ನನ್ನು ಮುಂದೆ ನೂಕಿದ. "ಇಂವ ಊಟಕ್ಕ ಕೂತಾಗ ಅಜೀರ್ಣದ ಚಿಂತಿ ಮಾಡಾಂವ. ಒಂದನೇ ಲೆಕ್ಕ ಮಾಡೋ ಮುಂದ ಕಡೀ ಲೆಕ್ಕಕ್ಕ ಅಳ್ತಾನ."

ಹುಡುಗರು ನಕ್ಕರು. ಮಾಸ್ತರರು ನನ್ನನ್ನು ಬಹಳ ಕುತೂಹಲದಿಂದ ನೋಡಿದರು. ಹೊಸ ನಮೂನೆಯ ತ್ರಿಕೋನ ಸಿಕ್ಕವರಂತೆ.

"ಖರೆ ಐತಿ ಇದು. ನನ್ನ ಹಂತ್ಯಾಕ ಇಲ್ಲದ್ದು ಇವನ ಹಂತ್ಯಾಕ ರಾಶಿ ಐತಿ. ಚಿಂತಿ ಮಾಡೋದೂ ಒಂದು ವಿದ್ಯಾ, ತಮ್ಮಾ. ನನಗ ಕಲಸು."

ಚಿಂತೆ ಮಾಡುವುದನ್ನು ಬಿಡು ಎಂದು ಹೇಳಿದವರು ನನ್ನ ಬದುಕಿನಲ್ಲಿ ತುಂಬ ಜನ. ಕಲಿಸು ಎಂದವರು ಇವರೊಬ್ಬರೇ.

ಕಲಿಸಿದೆ. ಪತ್ರಿಕೆ ಕೈಗೆ ಬಂದ ಕೂಡಲೆ ಪೂರ್ತಿ ಓದುವುದು. ಬೇಸರ ತರುವ ಲೆಕ್ಕಗಳ ಎದುರಿಗೆ ಚುಕ್ಕೆ ಇಟ್ಟು ಮೊದಲು ಅವನ್ನು ಮುಗಿಸುವುದು. ಕಿವಿ ತುರಿಸುವಂಥ ಲೆಕ್ಕ ಬಂದರೆ ಹಾಳೆ ತಿರುವಿ ಮುಂದೆ ನಡೆಯುವುದು. ಉತ್ತರ ಬಂದ ಮೇಲೆ ಎರಡನೆಯ ದಾರಿ ಹುಡುಕಿದರೆ ದಂಡವಾಗಿ ನಮ್ಮ ಪಾಟಿ ಒ‌ರೆಸುವುದು. ಮಾಸ್ತರರು ತಪ್ಪದೆ ಪಾಟಿ ಒರೆಸಿದರು. ಆದರೆ ಮೋಸವನ್ನೂ ಮಾಡಿದರು. ಒಳ್ಳೆಯ ಲೆಕ್ಕವೊಂದಕ್ಕೆ ಚುಕ್ಕೆ ಇಟ್ಟು, "ಇದು ಭಾಳ ಬ್ಯಾಸರದ್ದು," ಎಂದು ಮುಖ ಹುಳ್ಳಗೆ ಮಾಡಿ ಅದನ್ನೇ ಮೊದಲು ಹಿಡಿಯುವುದು. ಅವರ ಕಣ್ಣು ನೋಡಿ ನಾನು ಕಂಡುಹಿಡಿಯುತ್ತಿದ್ದೆ. "ಮಾಸ್ತರ!" ಎಂದರೆ ಬೆಲ್ಲ ಕದ್ದು ಸಿಕ್ಕವರ ಹಾಗೆ ಹಾಳೆ ತಿರುವುತ್ತಿದ್ದರು.

ಕೈ ಮಾತ್ರ ಮಾತು ಕೇಳಲಿಲ್ಲ. ಲೆಕ್ಕ ಸಿಕ್ಕರೆ ಕಿವಿಗೆ ಹೋಗಿಯೇ ಹೋಗುತ್ತಿತ್ತು; ಕಿವಿಗೆ ಹೋಯಿತೆಂದರೆ ಮಾಸ್ತರರು ಹೋದಂತೆ. ಅದಕ್ಕೆ ಮದ್ದು ಕೊಟ್ಟವರು ಅಕ್ಕಾವ್ರು. ಧಾರವಾಡಕ್ಕೆ ಹೊರಡುವ ಬೆಳಿಗ್ಗೆ ಗಂಡನನ್ನು ಮಣೆಯ ಮೇಲೆ ಕೂಡಿಸಿ, ರುಮಾಲನ್ನು ಎರಡೂ ಕಿವಿ ಮುಚ್ಚುವಂತೆ ಕೆಳಗೆ ಇಳಿಸಿ ಬಿಗಿಯಾಗಿ ಸುತ್ತಿದರು. "ಪರೀಕ್ಷಾ ಮುಗಿಯೂತನಾ ಬಿಚ್ಚಿದ್ರ ನನ್ನ ಆಣಿ," ಎಂದರು. ಮಾಸ್ತರರು ನೆಗಡಿಯಾದವರಂತೆ ಕಾಣುತ್ತಿದ್ದರು. ರೈಲಿನಲ್ಲಿ ಕೇಳಿದವರಿಗೆಲ್ಲ ನೆಗಡಿ ಎಂದೇ ಹೇಳಿದರು.

ಧಾರವಾಡದಲ್ಲಿ ಮಾಸ್ತರರೂ ನಾವೂ ಪರೀಕ್ಷೆಗೆ ಒಂದೇ ಖೋಲಿಯಲ್ಲಿ ಕೂತೆವು. ಅವರು ನನ್ನ ಮುಂದೆ, ಕೆಲವು ಬೆಂಚುಗಳ ಆಚೆ. ಗಣಿತದ ದಿನ ಪತ್ರಿಕೆ ಬಂತು. ನಾನು ಪೂರ್ತಿ ಓದಿದೆ. ನಡುವೆ ಒಂದು ಲೆಕ್ಕ ಹೀಗಿತ್ತು: ಸಮನೆಲದ ಮೇಲೆ ನಿಂತ ಒಬ್ಬನಿಗೆ ಗೋಪುರದ ತುದಿ ಅರವತ್ತು ಡಿಗ್ರಿ ಮೇಲಕ್ಕೆ ಕಾಣುತ್ತದೆ. ಅವನು ಗೋಪುರದ ಕಡೆಗೆ ನೇರವಾಗಿ ಇನ್ನೂರು ಅಡಿ ನಡೆಯುತ್ತಾನೆ. ಈಗ ಅದೇ ತುದಿ ಮೂವತ್ತು ಡಿಗ್ರಿಯಲ್ಲಿ ಕಾಣುತ್ತದೆ. ಗೋಪುರದ ಎತ್ತರವೆಷ್ಟು?

ಚಿತ್ರ ತೆಗೆದೆ. ಗೋಪುರದ ಹತ್ತಿರ ಹೋದಂತೆ ತಲೆ ಹೆಚ್ಚು ಹೆಚ್ಚು ಮೇಲೆತ್ತಿ ನೋಡಬೇಕು. ಇವನು ತಗ್ಗಿಸಿ ನೋಡುತ್ತಿದ್ದಾನೆ! ಹತ್ತಿರ ಹೋದಷ್ಟೂ ಗಿಡ್ಡಾಗುವ ಗೋಪುರ ಎಲ್ಲಿದೆ? ಮೊದಲು ನನ್ನದೇ ತಪ್ಪು ಎಂದುಕೊಂಡೆ, ಅದು ನನ್ನ ರೂಢಿ. ಆಮೇಲೆ ಎರಡು ಕೋನಗಳು ಅದಲುಬದಲಾಗಿ ಅಚ್ಚಾಗಿರಬೇಕು ಎಂದು ಧೈರ್ಯ ತಂದುಕೊಂಡು, ಹಾಗೆಂದು ಒಂದು ಸಾಲು ಬರೆದು, ಬದಲಿಸಿಯೇ ಲೆಕ್ಕ ಮಾಡಿದೆ. ಅಷ್ಟರಲ್ಲಿ ಹೊಸ ಚಿಂತೆಯೊಂದು ಹುಟ್ಟಿತು. ಇಂಥ ಲೆಕ್ಕ ಮಾಸ್ತರರ ಕಣ್ಣಿಗೆ ಬಿದ್ದರೆ?

ತಲೆಯೆತ್ತಿದೆ. ಬಿದ್ದಿತ್ತು. ಅವರ ಲೇಖನಿ ಬೆಂಚಿನ ಮೇಲಿತ್ತು. ಬೆನ್ನು ನೆಟ್ಟಗಾಗಿತ್ತು. ಎಡಗೈ ನಿಧಾನವಾಗಿ ಮೇಲೇಳುತ್ತಿತ್ತು. ನನ್ನ ಪತ್ರಿಕೆ, ನನ್ನ ಮೆಟ್ರಿಕ್, ನನ್ನ ಅಪ್ಪ, ಎಲ್ಲ ಮರೆತು ಆ ಕೈಯನ್ನೇ ನೋಡಿದೆ. ಕೈ ಕಿವಿಯ ಹತ್ತಿರ ಹೋಯಿತು. ರುಮಾಲಿನ ಅರಿವೆಗೆ ಬಡಿಯಿತು. ಒಂದು ಗಳಿಗೆ ಅಲ್ಲಿಯೇ, ಬಾಗಿಲು ಹಾಕಿದ ಮನೆಯ ಮುಂದೆ ನಿಂತ ಅತಿಥಿಯಂತೆ ನಿಂತಿತು. ಬೆರಳುಗಳು ರುಮಾಲಿನ ಅಂಚನ್ನು ತಡವಿದವು. ಆಮೇಲೆ ಕೈ ಕೆಳಗಿಳಿಯಿತು. ಮಾಸ್ತರರು ಹಾಳೆ ತಿರುವಿದರು.

ನಾನು ಬಿಟ್ಟ ಉಸಿರಿಗೆ ಮೇಲ್ವಿಚಾರಕರು ಬಂದು ಮೈಗೆ ಹುಷಾರಿಲ್ಲವೇ ಎಂದು ಕೇಳಿದರು.

ಹೊರಗೆ ಬಂದ ಮೇಲೆ ಹುಸೇನ ಮೊದಲು ಬಾಯಿಬಿಟ್ಟ. "ಅರೆ, ಆ ಗೋಪುರ! ನಾ ಕಣ್ಣು ಮುಚ್ಚಿ ಸೂತ್ರಾ ಹಾಕಿದೆ, ಎತ್ತರ ಮೈನಸ್ ಬಂತು. ಇದು ಗೋಪುರ ಅಲ್ಲ, ಬಾವಿ ಇರಬೇಕು ಅಂತ ಬರದು ಬಂದೇನಿ."

"ಮಾಸ್ತರ, ನೀವು?" ಎಂದೆ.

"ಅದರ ಸುದ್ದಿ ನನ್ನ ಮುಂದ ತಗೀಬ್ಯಾಡ್ರಿ," ಎಂದರು. "ಬಿಟ್ಟು ಬಂದೇನಿ. ಉಳದದ್ದೆಲ್ಲಾ ಮಾಡೇನಿ. ಬಾಗಲಾಕ ಬಂದವ್ರನ್ನ ನೀರೂ ಕೇಳದ ಕಳಿಸಿದಂಗಾತು, ತಮ್ಮಾ."

ಆ ದಿನ ಅವರು ಸರಿಯಾಗಿ ಉಣ್ಣಲಿಲ್ಲ. ಮಾರನೆಯ ದಿನ ರೈಲು ಹತ್ತಿದ ಮೇಲೂ ಗದಗಿನ ತನಕ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಗದಗಿನಲ್ಲಿ ಗಾಡಿ ಬದಲಿಸಿ ಕೂತ ಸ್ವಲ್ಪ ಹೊತ್ತಿಗೆ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟರು. "ಪರೀಕ್ಷಾ ಮುಗೀತಲ್ಲಾ?" ಎಂದರು. ಮುಗಿಯಿತು ಎಂದೆ. "ಆಣಿ ತೀರಿತಲ್ಲಾ?" ತೀರಿತು ಎಂದೆ. "ಹಂಗಾರ ಆ ಪತ್ರಿಕೆ ಇತ್ತ ಕೊಡು."

ಕಿಸೆಯಿಂದ ಖಡು ಹೊರಬಂತು. ಮಾಸ್ತರರು ಡಬ್ಬಿಯ ನೆಲದ ಮೇಲೆ ಕೂತು ಗೆರೆ ಎಳೆಯತೊಡಗಿದರು. ಎದುರಿಗೆ ಕಂಬಳಿ ಹೊದ್ದ ಕುರುಬರ ಯಜಮಾನನೊಬ್ಬ ಕೂತಿದ್ದ. ಅರಿಷಿಣದ ಬಂಡಾರ ಹಚ್ಚಿದ ಹಣೆ; ಬೀರಪ್ಪನ ಒಕ್ಕಲು. ಅವನು ಕಾಲು ಮೇಲೆತ್ತಿ ಜಾಗ ಕೊಟ್ಟ.

"ಏನ್ ಬರೀತೀರಿ ಮಾಸ್ತರ? ಯಂತ್ರ ಏನು?"

"ಯಂತ್ರ ಅಲ್ಲೋ ಯಜಮಾನ. ಒಬ್ಬಾಂವ ಗೋಪುರದ ಕಡೆ ಹೊಂಟಾನ. ಹೋದಂಗ ಗೋಪುರ ಸಣ್ಣದಾಗೈತಿ."

"ಹಂಗಾರ ಕುಡದಿರಬೇಕು," ಎಂದ ಯಜಮಾನ.

"ಕುಡದ್ರ ನೇರ ಹೆಂಗ ನಡೀತಾನ? ನೇರ ನಡದಾನ ಅಂತ ಬರದಾರ," ಎಂದರು ಮಾಸ್ತರರು, ತೀರ ಗಂಭೀರವಾಗಿ. ಅವರ ಎಡಗೈ ಆಗಲೇ ಕಿವಿಯನ್ನು ಹಿಡಿದಿತ್ತು. ಎಷ್ಟೋ ದಿನದ ಮೇಲೆ ಭೇಟಿಯಾದವರಂತೆ ತಿಕ್ಕುತ್ತಿತ್ತು.

ಬದಾಮಿ ಬಂತು, ಹೋಯಿತು. ಅವರು ಕತ್ತೆತ್ತಲಿಲ್ಲ. ಬಾಗಲಕೋಟೆ ಬಂದಾಗ ಹೊತ್ತು ಮುಳುಗಿತ್ತು. ನನಗೆ ಸಾಮಾನಿನ ಚಿಂತೆ. ಹುಸೇನನ ಕೈಯಲ್ಲಿ ಹಾಸಿಗೆ, ನನ್ನ ಕೈಯಲ್ಲಿ ಮಾಸ್ತರರ ಟ್ರಂಕು, ಬಗಲಲ್ಲಿ ಅವರ ರುಮಾಲು. "ಇಳೀರಿ ಮಾಸ್ತರ, ಊರು ಬಂತು!" ಎಂದು ಕೂಗಿ ಕೆಳಗಿಳಿದೆವು. "ಹೂಂ, ಹೂಂ," ಎಂದರು. ಹಿಂದೆಯೇ ಇದ್ದಾರೆಂದು ತಿರುಗಿ ನೋಡಿದರೆ ಇಲ್ಲ. ಸೀಟಿ ಹೊಡೆಯಿತು. ಗಾಡಿ ಕದಲಿತು. ಹುಸೇನ ಹಾಸಿಗೆ ಬಿಸಾಕಿ ಓಡಿದ. ಅಷ್ಟರಲ್ಲಿ ಕಿಟಕಿಯಿಂದ ಬರಿದಲೆಯೊಂದು ಹೊರಗೆ ಬಂತು. ಮುಖದ ತುಂಬ ಖಡು, ಮುಖದ ತುಂಬ ನಗೆ.

"ದಾಟಿ ಹೋಗ್ಯಾನಲೇ! ಅಂವ ಗೋಪುರ ದಾಟಿ ಆ ಕಡೆ ಹೋಗ್ಯಾನ! ಲೆಕ್ಕ ಸರಿ ಐತಿ!"

ಗಾಡಿ ಆಲಮಟ್ಟಿಯ ಕಡೆಗೆ ಹೋಯಿತು.

ನಾವಿಬ್ಬರೂ ಪ್ಲಾಟ್‌ಫಾರ್ಮಿನ ಮೇಲೆ ನಿಂತೆವು. ಎಂಥ ಸರಳ! ನೇರ ನಡೆದ ಎಂದಿದೆ. ಗೋಪುರದ ಬುಡಕ್ಕೆ ಹೋಗಿ ನಿಂತ ಎಂದು ಎಲ್ಲಿದೆ? ಅವನು ಗೋಪುರದ ಬಾಗಿಲೊಳಗೆ ಹಾಯ್ದು ಆಚೆ ಕಡೆ ದೂರ ಹೋಗಿ ತಿರುಗಿ ನೋಡಿದ್ದಾನೆ. ದೂರದಿಂದ ತುದಿ ತಗ್ಗಾಗಿಯೇ ಕಂಡಿದೆ. ನಾನು ಮನಸ್ಸಿನಲ್ಲಿಯೇ ಗುಣಿಸಿದೆ: ನಾನು ಬರೆದುಬಂದ ಗೋಪುರದ ಸರಿಯಾಗಿ ಅರ್ಧ. ಅಚ್ಚಿನ ತಪ್ಪೋ, ಪತ್ರಿಕೆ ತೆಗೆದವರ ಚಾಣಾಕ್ಷತನವೋ ಇಂದಿಗೂ ನನಗೆ ಗೊತ್ತಿಲ್ಲ. ಆದರೆ ಆಗ ಅದನ್ನು ಯೋಚಿಸುವ ಹೊತ್ತಲ್ಲ. ಅಕ್ಕಾವ್ರಿಗೆ ಏನೆಂದು ಹೇಳುವುದು?

ದಾರಿಯುದ್ದಕ್ಕೂ "ನೀ ಹೇಳು," "ನೀ ಹೇಳು," ಎಂದು ಜಗಳಾಡಿದೆವು. ಮನೆ ಬಂತು. ಅಕ್ಕಾವ್ರು ಕಂದೀಲು ಹಿಡಿದು ಬಾಗಿಲಿಗೆ ಬಂದರು. ಟ್ರಂಕು ನೋಡಿದರು, ಹಾಸಿಗೆ ನೋಡಿದರು, ನನ್ನ ಬಗಲಲ್ಲಿದ್ದ ಗಂಡನ ರುಮಾಲು ನೋಡಿದರು.

"ಅವ್ರೆಲ್ಲಿ?"

ಹುಸೇನ ನನ್ನ ಬೆನ್ನಿಗೆ ತಿವಿದ.

"ರೈಲಿನ್ಯಾಗ ಉಳದಾರ್ರೀ ಅಕ್ಕಾವ್ರ... ಇಳೀಲಿಲ್ಲರಿ... ಕರದ್ವಿರಿ... ಒಂದು ಲೆಕ್ಕದಾಗ ಕೂತಿದ್ರು."

"ಯಾವ ಲೆಕ್ಕ?"

"ಪರೀಕ್ಷಾದಾಗ ಬಂದಿದ್ದರಿ."

ಅಕ್ಕಾವ್ರು ಕಂದೀಲನ್ನು ಸ್ವಲ್ಪ ಮೇಲೆತ್ತಿ ನನ್ನ ಮುಖ ನೋಡಿದರು.

"ಅಲ್ಲೆ ಕೂತಾಗ ಮಾಡಿದ್ದಿಲ್ಲೇನು ಅದನ್ನ?"

"ಇಲ್ಲರಿ. ಬಿಟ್ಟು ಬಂದಿದ್ರು. ಉಳದದ್ದೆಲ್ಲಾ ಮಾಡಿದ್ರು."

ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು. ಅಳುತ್ತಾರೆಂದು ನಾನು ಹೆದರಿದೆ. ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದರು.

"ಹಂಗಾರ ಪಾಸಾದ್ರು ಬಿಡ್ರಿ, ತಮ್ಮಾ."

ಫಲಿತಾಂಶ ಬರುವ ತನಕ ನಾನು ನನ್ನ ಪದ್ಧತಿಯಂತೆ ದಿನಾಲು ಚಿಂತೆ ಮಾಡಿದೆ. ಅಕ್ಕಾವ್ರು ಅಷ್ಟು ಕಾಯಲಿಲ್ಲ. ಕೈಕಾಲು ತೊಳೆದುಕೊಳ್ಳಲು ನಮಗೆ ನೀರು ಕೊಟ್ಟು ಒಳಗೆ ಹೋದರು. ಮರೋಳಕ್ಕೆಂದು ಮೂಲೆಯಲ್ಲಿ ಕಟ್ಟಿಟ್ಟಿದ್ದ ಪಾತ್ರೆಗಳ ಗಂಟನ್ನು ಬಿಚ್ಚಿ, ಅದರೊಳಗಿನ ಗಂಗಾಳಗಳನ್ನು ತೊಳೆದು, ನಮ್ಮಿಬ್ಬರಿಗೂ ಬಡಿಸಿದರು.